ಹಾಳೂರ ದಿಬ್ಬವೂ ನಮ್ಮ ಲೆಕ್ಕದ ಪುಸ್ತಕವೇ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿನ ಸಾಲ, ಠೇವಣಿ, ಗೊಬ್ಬರ, ಶೇಂಗಾ ಬೀಜ ಇವುಗಳ ಬಗ್ಗೆ ಮಾತನಾಡುವ ಹಿರಿಯರು ವೇದಿಕೆಯ ಮೇಲೆ ಬೇಕಾದಷ್ಟು ಜನ ಇದ್ದಾರೆ. ನಮಗೆ ವಹಿಸಿರುವುದು ಬ್ರಹ್ಮಗಿರಿಯ ವಿಷಯ. "ಸೊಸೈಟಿ ಫಂಕ್ಷನ್ನಿನಾಗೆ ಹಳೇ ಕಲ್ಲು ಮಣ್ಣಿನ ಮಾತು ಯಾಕಪ್ಪಾ?" ಎಂದು ಹಿಂದಿನ ಸಾಲಿನಲ್ಲಿ ಕೂತ ಯಾರಾದರೂ ಕೇಳಬಹುದು. ಯಾಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇವೆ.

ಹೋದ ಮಹಾಸಭೆಯಲ್ಲಿ ಒಂದು ಮಾತು ಬಂತು, ನಿಮಗೆಲ್ಲ ನೆನಪಿದೆ. ಶೇಂಗಾ ಒಣಗಿಸುವ ನಮ್ಮ ಕಣ ತಗ್ಗಾಗಿತ್ತು, ಮಳೆ ಬಂದರೆ ನೀರು ನಿಲ್ಲುತ್ತಿತ್ತು. ಅದಕ್ಕೆ ಮಣ್ಣು ಬೇಕಾಗಿತ್ತು. "ಹಾಳೂರ ದಿಬ್ಬದಿಂದ ನಾಕು ಟ್ರ್ಯಾಕ್ಟರ್ ಹೊಡೆದ್ರೆ ಆತು, ಬೇಲಿಯಿಂದ ಹೊರಗೈತೆ, ಯಾರು ಕೇಳ್ತಾರೆ?" ಎಂದು ಒಬ್ಬರು ಅಂದರು. "ಅಲ್ಲೇನೈತೆ, ಬೋಕಿ ಚೂರು ಬಿಟ್ರೆ?" ಎಂದು ಇನ್ನೊಬ್ಬರು ಅಂದರು. ಬೇಡ ಎಂದವರೂ ಇದ್ದರು. ಮಾತು ಜೋರಾಯಿತು. ಕೊನೆಗೆ ವಿಷಯವನ್ನು ಮುಂದಕ್ಕೆ ಹಾಕಿದೆವು. ಹಾಗೆ ಮುಂದಕ್ಕೆ ಹಾಕಿದ ವಿಷಯವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ. ಅಲ್ಲಿ ಬೋಕಿ ಚೂರು ಬಿಟ್ಟರೆ ಏನಿದೆ ಎಂಬುದನ್ನು ನೋಡೋಣ.

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ ಇರುವ ಬ್ರಹ್ಮಗಿರಿ ನಮಗೆ ಚಿಕ್ಕಂದಿನಿಂದ ಗೊತ್ತಿರುವ ಬೆಟ್ಟ. ಅದರ ಬುಡದಲ್ಲಿರುವ ಬರಹದ ಬಂಡೆಗೆ ನಮ್ಮ ಜನ ಅಕ್ಷರಗುಂಡು ಎನ್ನುತ್ತಿದ್ದರು. ಅಕ್ಷರ ಇದೆ ಎಂಬುದು ಎಲ್ಲರಿಗೂ ಗೊತ್ತು, ಓದುವವರು ಮಾತ್ರ ಯಾರೂ ಇರಲಿಲ್ಲ. 1892ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಕೆಲಸ ನೋಡುತ್ತಿದ್ದ ಬಿ.ಎಲ್. ರೈಸ್ ಸಾಹೇಬರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಯ ಬರಹಗಳನ್ನು ಬೆಳಕಿಗೆ ತಂದರು. ಅವು ಕ್ರಿಸ್ತ ಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನಗಳು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕನ್ನಡ ನಾಡಿನಲ್ಲಿ ಅಶೋಕನ ಬರಹ ಮೊದಲು ಸಿಕ್ಕಿದ್ದು ನಮ್ಮ ಈ ಸೀಮೆಯಲ್ಲೇ. ಅಶೋಕ ಎಂಬ ಹೆಸರೇ ಇದ್ದ ಮಸ್ಕಿಯ ಶಾಸನ ಸಿಕ್ಕಿದ್ದು ಆಮೇಲೆ, 1915ರಲ್ಲಿ.

ಶಾಸನದಲ್ಲಿ ಏನಿದೆ? ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮ ಸಮಾಚಾರ ಕೇಳಿ ರಾಜಾಜ್ಞೆಯನ್ನು ತಿಳಿಸುತ್ತಾರೆ. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಬಳಗದವರೊಡನೆ ತಕ್ಕಂತೆ ನಡೆದುಕೊಳ್ಳಬೇಕು ಎಂಬುದು ಅದರ ಸಾರ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಮೇಲಕ್ಕೆ ಬರಬಹುದು ಎಂಬ ಮಾತೂ ಇದೆ. ಸಣ್ಣ ಹಿಡುವಳಿದಾರರ ಸಂಘವಾದ ನಮಗೆ ಇದು ಹತ್ತಿರದ ಮಾತು. ಬರೆದವನ ಹೆಸರು ಚಪಡ. ಅವನು ತನ್ನ ಕೆಲಸವನ್ನು ಸೂಚಿಸುವ ಕೊನೆಯ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಲಿಪಿ ಬಲ್ಲವನು ಇಲ್ಲಿಗೆ ಬಂದು, ಈ ಬಂಡೆಯ ಮುಂದೆ ಕೂತು ಅಕ್ಷರ ಕೆತ್ತಿದ್ದಾನೆ.

ಬಂಧುಗಳೆ, ಶಾಸನದ ವಿಷಯ ಶಾಲೆಯ ಪುಸ್ತಕದಲ್ಲೂ ಬರುತ್ತದೆ. ನಾವು ಹೇಳಬೇಕೆಂದಿರುವುದು ಅದರ ಮುಂದಿನ ಪ್ರಶ್ನೆ. ಯಾರೂ ಇಲ್ಲದ ಕಾಡಿನಲ್ಲಿ ಯಾವ ಅರಸನಾದರೂ ಆಜ್ಞೆ ಬರೆಸುತ್ತಾನೆಯೇ? ನಮ್ಮ ಸಂಘದ ನೋಟೀಸನ್ನು ಜನ ಓಡಾಡುವ ಕಡೆ ಅಂಟಿಸುತ್ತೇವೆ, ಅಡವಿಯಲ್ಲಿ ಅಂಟಿಸುವುದಿಲ್ಲ. ಅಶೋಕನ ಬರಹ ಇಲ್ಲಿದೆ ಎಂದರೆ ಇಲ್ಲಿ ಊರಿತ್ತು, ಜನರಿದ್ದರು, ಅವರನ್ನು ನೋಡಿಕೊಳ್ಳಲು ಅಧಿಕಾರಿಗಳಿದ್ದರು. ಇಸಿಲ ಎಂದರೆ ಈ ಬ್ರಹ್ಮಗಿರಿಯ ಬುಡದ ಊರೇ ಎಂದು ವಿದ್ವಾಂಸರು ತಿಳಿದಿದ್ದಾರೆ.

ಆ ಊರು ಎಂಥದ್ದು ಎಂದು ನೋಡಲು ಮೊದಲು ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಅಗೆದರು. ಆಮೇಲೆ 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಅವರು ಅಗೆಸಿದರು. ವೀಲರ್ ನಿಧಿ ಹುಡುಕಲು ಬಂದವರಲ್ಲ. ಪದರ ಪದರವಾಗಿ ಮಣ್ಣು ತೆಗೆದು, ಯಾವ ಪದರದಲ್ಲಿ ಯಾವ ಚೂರು ಸಿಕ್ಕಿತು ಎಂದು ಗುರುತು ಹಾಕಿಕೊಂಡು ಹೋದರು. ಕೆಳಗಿನದು ಹಳೆಯದು, ಮೇಲಿನದು ಹೊಸದು. ನಮ್ಮ ಕಾರ್ಯದರ್ಶಿಗಳು ಖಾತೆ ಪುಸ್ತಕದಲ್ಲಿ ತಾರೀಖಿನ ಪ್ರಕಾರ ಬರೆಯುತ್ತಾರಲ್ಲ, ಹಾಗೆಯೇ ನೆಲವೂ ತನ್ನ ಲೆಕ್ಕವನ್ನು ಬರೆದುಕೊಂಡಿರುತ್ತದೆ. ಬರೆದವರು ರಾಜರಲ್ಲ. ಅಡಿಗೆ ಮಾಡಿ ಒಡೆದ ಮಡಕೆ ಬಿಸಾಡಿದವರು, ಬೂದಿ ಚೆಲ್ಲಿದವರು, ಗೋಡೆ ಬಿದ್ದ ಮೇಲೆ ಅದರ ಮೇಲೆಯೇ ಮತ್ತೆ ಗೋಡೆ ಎಬ್ಬಿಸಿದವರು, ಅಂದರೆ ನಮ್ಮಂಥವರು.

ಈ ಪುಸ್ತಕದಲ್ಲಿ ವೀಲರ್ ಅವರು ಮೂರು ದೊಡ್ಡ ಅಧ್ಯಾಯ ಕಂಡರು. ಎಲ್ಲಕ್ಕಿಂತ ಕೆಳಗೆ ಕಲ್ಲು ಕೊಡಲಿಯ ಜನ. ಉಜ್ಜಿ ನಯ ಮಾಡಿದ ಕಲ್ಲಿನ ಕೊಡಲಿ, ಕೈಯಿಂದಲೇ ತಟ್ಟಿದ ಮಡಕೆ, ಎಲ್ಲೋ ಒಂದೆರಡು ತಾಮ್ರ ಕಂಚಿನ ತುಂಡು. ತೀರಿಹೋದ ಎಳೆಗೂಸುಗಳನ್ನು ಮಡಕೆಯಲ್ಲಿಟ್ಟು ಊರೊಳಗೇ ಹೂತಿದ್ದಾರೆ. ಮಗುವನ್ನು ಮನೆಯಿಂದ ದೂರ ಕಳಿಸಲು ಆ ತಾಯಂದಿರಿಗೂ ಮನಸ್ಸು ಬಂದಿರಲಿಕ್ಕಿಲ್ಲ. ಅದರ ಮೇಲಿನ ಪದರ ಕಬ್ಬಿಣದ ಜನರದ್ದು, ದೊಡ್ಡ ಕಲ್ಲಿನ ಸಮಾಧಿ ಕಟ್ಟಿದವರದ್ದು. ಅವರ ಮಡಕೆ ಒಳಗೂ ಬಾಯಿಯ ಹತ್ತಿರವೂ ಕಪ್ಪು, ಹೊರಮೈ ಕೆಂಪು. ಮೂರನೆಯದು ಶಾತವಾಹನರ ಕಾಲದ್ದು. ತಿಗರಿಯ ಮೇಲೆ ಮಾಡಿದ ನಾಜೂಕಾದ ಪಾತ್ರೆ ಪದಾರ್ಥ ಆಗ ಬಂದಿವೆ. ವಿಶೇಷವೆಂದರೆ ಒಂದು ಅಧ್ಯಾಯ ಮುಗಿದು ಇನ್ನೊಂದು ಶುರುವಾಗುವಲ್ಲಿ ಗೆರೆ ಎಳೆದ ಹಾಗಿಲ್ಲ. ಹಳೆಯದರ ಕೊನೆ ಹೊಸದರ ಮೊದಲಿನೊಡನೆ ಬೆರೆತಿದೆ. ಹೊಸ ಪದ್ಧತಿ ಬಂದರೂ ಹಳೆಯದು ಒಂದೇ ದಿನಕ್ಕೆ ಹೋಗಲಿಲ್ಲ. ಟ್ರ್ಯಾಕ್ಟರ್ ಬಂದ ಮೇಲೂ ನಮ್ಮ ಮನೆಗಳಲ್ಲಿ ಕೂರಿಗೆ ಕುಂಟೆ ಉಳಿದಿಲ್ಲವೇ, ಹಾಗೆ.

ಇಲ್ಲಿ ಬೋಕಿ ಚೂರಿನ ಮಹಿಮೆ ಕೇಳಿ. 1947ರಲ್ಲಿ ಇದ್ದಿಲಿನಿಂದ ಕಾಲ ಅಳೆಯುವ ವಿದ್ಯೆ ಇನ್ನೂ ಬಂದಿರಲಿಲ್ಲ. ಹಾಗಾದರೆ ಯಾವ ಪದರ ಎಷ್ಟು ಹಳೆಯದು ಎಂದು ಹೇಳುವುದು ಹೇಗೆ? ವೀಲರ್ ಅವರು 1945ರಲ್ಲಿ ಪುದುಚೇರಿಯ ಹತ್ತಿರದ ಅರಿಕಮೇಡುವಿನಲ್ಲಿ ಅಗೆಸಿದ್ದಾಗ ರೋಮ್ ದೇಶದಿಂದ ಹಡಗಿನಲ್ಲಿ ಬಂದ ಪಾತ್ರೆಗಳ ಚೂರು ಸಿಕ್ಕಿದ್ದವು. ಅವುಗಳ ಕಾಲ ಗೊತ್ತಿತ್ತು. ಅವುಗಳ ಜೊತೆಗೆ, ಒಳಮೈಯಲ್ಲಿ ಸುತ್ತಲೂ ಚುಕ್ಕಿ ಚುಕ್ಕಿ ಗೆರೆ ಹಾಕಿದ ಒಂದು ಬಗೆಯ ತಟ್ಟೆಯ ಚೂರೂ ಇದ್ದವು. ಅದೇ ಬಗೆಯ ತಟ್ಟೆಯ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಸಿಕ್ಕಿತು! ಅಲ್ಲಿಗೆ ಆ ಪದರ ಕ್ರಿಸ್ತ ಶಕದ ಮೊದಲ ಶತಮಾನಗಳದ್ದು ಎಂದು ತಿಳಿಯಿತು. ಅದನ್ನು ಹಿಡಿದು ಕೆಳಗಿನ ಪದರಗಳ ಲೆಕ್ಕ ಹಾಕಿದರು. ದಕ್ಷಿಣ ಭಾರತದ ಎಷ್ಟೋ ಹಳೆಯ ಊರುಗಳ ಕಾಲ ನಿರ್ಣಯಕ್ಕೆ ಆಮೇಲೆ ಬ್ರಹ್ಮಗಿರಿಯೇ ಅಳತೆಗೋಲಾಯಿತು. ಕಲ್ಲು ಕೊಡಲಿಯ ಜನ ಕ್ರಿಸ್ತ ಪೂರ್ವ ಸುಮಾರು 1000ದಿಂದ ಇಲ್ಲಿದ್ದರು ಎಂದು ವೀಲರ್ ಅಂದಾಜು ಮಾಡಿದ್ದರು. ಇದ್ದಿಲಿನ ಪರೀಕ್ಷೆ ಬಂದ ಮೇಲೆ ಕರ್ನಾಟಕದ ಕಲ್ಲು ಕೊಡಲಿಯ ಹಳ್ಳಿಗಳು ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ, ಕ್ರಿಸ್ತ ಪೂರ್ವ ಮೂರನೆಯ ಸಾವಿರಮಾನದಲ್ಲೇ ಶುರುವಾದವು ಎಂದು ಗೊತ್ತಾಯಿತು.

ಒಂದು ಚೂರು ಇಷ್ಟು ಹೇಳಬೇಕಾದರೆ ಅದು ತನ್ನ ಪದರದಲ್ಲೇ ಇರಬೇಕು. ಟ್ರ್ಯಾಕ್ಟರಿನಲ್ಲಿ ಹೊತ್ತು ತಂದು ಕಣಕ್ಕೆ ಸುರಿದ ಮೇಲೆ ಅದೇ ಚೂರು ಬರೀ ಕಲ್ಲು. ಖಾತೆ ಪುಸ್ತಕದ ಹಾಳೆ ಹರಿದು ಗಾಳಿಗೆ ತೂರಿದರೆ ಅಂಕಿಗಳು ಇರುತ್ತವೆ, ಲೆಕ್ಕ ಇರುವುದಿಲ್ಲ. ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡಲು ನಾವೆಲ್ಲ ಆ ದಿಬ್ಬದ ಬೋಕಿಗಳನ್ನೇ ಆರಿಸಿ ತಂದು, ಕಲ್ಲಿಗೆ ಉಜ್ಜಿ ದುಂಡಗೆ ಮಾಡಿಕೊಳ್ಳುತ್ತಿದ್ದೆವು. ನುಣುಪಾದ ಕಪ್ಪು ಬೋಕಿ ಸಿಕ್ಕವನೇ ಆ ದಿನದ ರಾಜ. ಎರಡು ಸಾವಿರ ವರ್ಷದ ಹಿಂದಿನ ಗೃಹಿಣಿಯ ಪಾತ್ರೆಯನ್ನು ಕಾಲಿನಲ್ಲಿ ತಳ್ಳಿ ಆಡುತ್ತಿದ್ದೇವೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಇನ್ನು ಕಲ್ಲಿನ ಸಮಾಧಿಗಳ ಮಾತು. ದುಂಡಗೆ ಕಲ್ಲು ಜೋಡಿಸಿದ ವೃತ್ತ, ನಡುವೆ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕೋಣೆ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಸತ್ತವರ ಮೂಳೆ, ಮಡಕೆಗಳು, ಕಬ್ಬಿಣದ ಆಯುಧ ಉಪಕರಣಗಳು. ಇಂಥವು ಬ್ರಹ್ಮಗಿರಿಯ ಸುತ್ತ ನೂರಾರು ಇದ್ದವು. ನಮ್ಮ ನಾಡಿನಲ್ಲಿ ಕೆಲವು ಕಡೆ ಮೋರೇರ ಮನೆ ಎಂತಲೂ ಕೆಲವು ಕಡೆ ಪಾಂಡವರ ಮನೆ ಎಂತಲೂ ಕರೆಯುತ್ತಾರೆ. ಮೇಲಿನ ಆ ಚಪ್ಪಡಿಯನ್ನು ಒಂದು ಮನೆಯವರು ಎತ್ತಿ ಇಡಲು ಸಾಧ್ಯವೇ ಇಲ್ಲ. ಹತ್ತಾರು ಮನೆಯವರು ಸೇರಿ ಸೀಳಿ, ಎಳೆದು, ಎತ್ತಿರಬೇಕು. ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು. ಇದಕ್ಕೆ ನಾವು ಮುಯ್ಯಾಳು ಎನ್ನುತ್ತೇವೆ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸ್ಥಾಪನೆಯಾಯಿತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಸರಿಯೇ. ಆದರೆ ಕಾನೂನು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಕೂಡಿ ಎತ್ತುವ ಬುದ್ಧಿ ಈ ನೆಲದಲ್ಲಿ ಇತ್ತು ಎನ್ನುವುದಕ್ಕೆ ಆ ಚಪ್ಪಡಿಗಳೇ ಸಾಕ್ಷಿ.

ಆ ಜನ ಏನು ಉಣ್ಣುತ್ತಿದ್ದರು ಎಂದು ತಾಯಂದಿರು ಕೇಳಬಹುದು. ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿರುವುದು ನಮ್ಮ ಉತ್ತರಕ್ಕೆ ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ. ಅಲ್ಲಿನ ಗುಡ್ಡಗಳ ಮೇಲೂ ಕಲ್ಲು ಕೊಡಲಿಯ ಜನರ ಹಳ್ಳಿ ಇತ್ತು. ಹಿರೇಗುಡ್ಡದಲ್ಲಿ ಕೊಡಲಿ ಮಾಡುವ ಕಾರ್ಖಾನೆಯೇ ಇತ್ತು. ರಾಬರ್ಟ್ ಬ್ರೂಸ್ ಫೂಟ್ ಅದನ್ನು ಗುರುತಿಸಿದರು. 1990ರ ದಶಕದ ಕೊನೆಯಿಂದ ಧಾರವಾಡದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮೊದಲಾದ ವಿದ್ವಾಂಸರು ಅಲ್ಲಿಯ ಮಣ್ಣನ್ನು ನೀರಿಗೆ ಹಾಕಿ ಕದಡಿದರು. ಸುಟ್ಟು ಇದ್ದಿಲಾದ ಕಾಳುಗಳು ಹಗುರಾಗಿ ಮೇಲೆ ತೇಲಿದವು. ಸೋಸಿ ನೋಡಿದರೆ ಯಾವ ಕಾಳು ಅಂತೀರಿ? ಹುರುಳಿ, ಹೆಸರು, ಕೊರಲೆ! ನಾಲ್ಕು ಸಾವಿರ ವರ್ಷದ ಹಿಂದಿನ ಒಲೆಯಲ್ಲಿ ಸೀದ ಹುರುಳಿ. ಮಳೆ ಕೈಕೊಟ್ಟ ವರ್ಷ ನಮ್ಮನ್ನು ಕಾಪಾಡುವ ಕಾಳು ಅವರನ್ನೂ ಕಾಪಾಡಿತ್ತು. ಇವತ್ತು ಸಿರಿಧಾನ್ಯ ಎಂದು ಪೇಟೆಯವರು ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಕೊರಲೆ ಅವರ ದಿನದ ಊಟ. ಅವರು ದನ ಸಾಕುವ ಜನವೂ ಹೌದು. ರಾಯಚೂರು, ಬಳ್ಳಾರಿ ಕಡೆಯ ಬೂದಿ ದಿಬ್ಬಗಳು ಆ ಕಾಲದ ದೊಡ್ಡಿಗಳಲ್ಲಿ ರಾಶಿ ಬಿದ್ದ ಸಗಣಿ ಸುಟ್ಟು ಆದವು ಎಂದು ತಜ್ಞರು ತೋರಿಸಿಕೊಟ್ಟಿದ್ದಾರೆ. ನಮ್ಮ ಬ್ರಹ್ಮಗಿರಿಯ ಪಕ್ಕದ ಒಂದು ಊರಿನ ಹೆಸರು ರೊಪ್ಪ. ರೊಪ್ಪ ಎಂದರೆ ದನ ಕುರಿ ಕೂಡುವ ಜಾಗ ಎಂದು ನಿಮಗೆ ಹೇಳಬೇಕಾಗಿಲ್ಲ.

ಇಂಥ ಸಂಗನಕಲ್ಲಿನ ಗುಡ್ಡಗಳಿಗೆ ಕಲ್ಲು ಗಣಿಗಾರಿಕೆಯಿಂದ ಹಾನಿಯಾಗಿದೆ. ಹೋದ ಗುಡ್ಡವನ್ನು ಮತ್ತೆ ತರಲು ಬರುವುದಿಲ್ಲ. ಜಟಿಂಗ ರಾಮೇಶ್ವರದ ಬೆಟ್ಟದ ಮೇಲಿನ ಅಶೋಕನ ಶಾಸನವನ್ನು ನೋಡಿ. ಅದಕ್ಕೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹಾಕುತ್ತಿದ್ದರಂತೆ. ಅಕ್ಷರ ಬಹಳ ಸವೆದುಹೋಗಿದೆ. ಬಳೆಗಾರರದು ತಪ್ಪಲ್ಲ, ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಗೊತ್ತಿದ್ದೂ ಮಾಡಿದರೆ ಅದು ತಪ್ಪು.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ನಮ್ಮ ಮನೆಯ ದನದ ಕೊಟ್ಟಿಗೆಯ ಗೋದಲಿಗೆ ಹಾಕಿರುವ ಚಪ್ಪಡಿಯ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಒಂದು ಕಚ್ಚು ಇದೆ. ಅದು ಯಾಕೆ ಹಾಗಿದೆ ಎಂದು ಬಹಳ ವರ್ಷ ತಿಳಿಯದೆ ಅದರ ಮೇಲೆ ಹುಲ್ಲು ಹಾಕಿದೆವು. ಅದು ಸಮಾಧಿಯ ಕಿಂಡಿ ಚಪ್ಪಡಿಯ ಅರ್ಧ ಎಂದು ಆಮೇಲೆ ಅರಿವಾಯಿತು. ನಮ್ಮ ತಾತನ ಕಾಲದಲ್ಲಿ ಹೊಲದ ಬದಿಯಿಂದ ಗಾಡಿಯಲ್ಲಿ ತಂದದ್ದಂತೆ. ಇನ್ನರ್ಧ ಎಲ್ಲಿ ಹೋಯಿತೋ. ಊರಿನಲ್ಲಿ ಇಂಥ ಚಪ್ಪಡಿ ನಮ್ಮ ಮನೆಯಲ್ಲೊಂದೇ ಇಲ್ಲ ಎಂಬುದು ನಿಮ್ಮ ಮುಖ ನೋಡಿದರೆ ತಿಳಿಯುತ್ತದೆ.

ಈಗ ಕಷ್ಟದ ಮಾತಿಗೆ ಬರುತ್ತೇವೆ. ಬ್ರಹ್ಮಗಿರಿಯ ಶಾಸನವೂ ಪ್ರಾಚೀನ ನೆಲೆಯೂ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಕ್ಷಿತ ಜಾಗದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಆದ್ದರಿಂದ "ಬೇಲಿಯಿಂದ ಹೊರಗೈತೆ" ಎಂಬ ಮಾತಿಗೆ ಅರ್ಥವಿಲ್ಲ. ಹಳೆಯ ಊರಿಗೆ ನಮ್ಮ ಕಾಲದ ಬೇಲಿ ಎಲ್ಲಿದೆ ಎಂದು ಗೊತ್ತಿರಲಿಲ್ಲ, ಅದು ತನ್ನಷ್ಟಕ್ಕೆ ಹಬ್ಬಿತ್ತು.

ಆದರೆ ನಿಯಮದ ಭಾರ ಬೀಳುವುದು ಯಾರ ಮೇಲೆ? ಆ ಅಂಚಿನಲ್ಲಿ ಮನೆ ಇರುವ ಬಡವರ ಮೇಲೆ. ನಮ್ಮ ಸದಸ್ಯರೊಬ್ಬರ ಮಾಳಿಗೆ ಮೂರು ಮಳೆಗಾಲ ಸೋರಿತು. ರಿಪೇರಿಗೆ ಅರ್ಜಿ ಬರೆಯಲು ಅವರಿಗೆ ಬರಲಿಲ್ಲ, ಬರೆದುಕೊಟ್ಟಾಗ ನಕ್ಷೆ ಇಲ್ಲವೆಂದು ವಾಪಸು ಬಂತು. ಅವರು ಸಿಟ್ಟಿನಲ್ಲಿ, "ಸತ್ತೋರ ಮಡಕೆಗೆ ಇರೋ ಬೆಲೆ ಬದುಕಿರೋ ನಮಗಿಲ್ವೇನ್ರಣ್ಣ?" ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ತಟ್ಟನೆ ಉತ್ತರ ಇರಲಿಲ್ಲ. ಈಗಲೂ ಅದು ನ್ಯಾಯವಾದ ಪ್ರಶ್ನೆ ಎಂದೇ ತಿಳಿದಿದ್ದೇವೆ. ಊರಿನ ಹೆಮ್ಮೆಯನ್ನು ಊರೆಲ್ಲ ಅನುಭವಿಸಿ, ಅದರ ಖರ್ಚನ್ನು ಅಂಚಿನ ನಾಲ್ಕು ಮನೆಯವರ ತಲೆಗೆ ಕಟ್ಟುವುದು ಸಹಕಾರ ತತ್ವವಲ್ಲ.

ಕಾಯ್ದೆಯನ್ನು ಓದಿಸಿ ನೋಡಿದಾಗ ಒಂದು ವಿಷಯ ತಿಳಿಯಿತು. ಮೊದಲಿನಿಂದ ಇರುವ ಮನೆಯ ರಿಪೇರಿಗೆ ನಿಷೇಧಿತ ಪ್ರದೇಶದಲ್ಲೂ ಅನುಮತಿ ಸಿಗಲು ಅವಕಾಶ ಇದೆ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಹೊಸದನ್ನೂ ಕಟ್ಟಬಹುದು. ಚರಂಡಿ, ಸಾರ್ವಜನಿಕರಿಗೆ ಕುಡಿಯುವ ನೀರು ಒದಗಿಸುವ ಕೆಲಸಗಳನ್ನು ಕಟ್ಟಡ ನಿರ್ಮಾಣ ಎಂಬ ಅರ್ಥದಿಂದಲೇ ಕಾಯ್ದೆ ಹೊರಗಿಟ್ಟಿದೆ. ದಾರಿ ಇದೆ. ಆದರೆ ಒಬ್ಬಂಟಿಗ ರೈತ ಆ ದಾರಿಯಲ್ಲಿ ನಡೆದು ಸುಸ್ತಾಗುತ್ತಾನೆ. ಒಬ್ಬಂಟಿಗನಿಗೆ ಸಾಲ ಹುಟ್ಟದಿದ್ದಾಗ ನಾವು ಸಂಘ ಕಟ್ಟಿದೆವು. ಇದಕ್ಕೂ ಅದೇ ಮದ್ದು.

ಆದ್ದರಿಂದ ಮುಂದಿನ ಮಹಾಸಭೆಯ ಮುಂದೆ ಮೂರು ನಿರ್ಣಯ ತರಬೇಕೆಂದು ಕೇಳಿಕೊಳ್ಳುತ್ತೇವೆ. ಒಂದು, ಸಂಘದ ಯಾವ ಕೆಲಸಕ್ಕೂ ಹಾಳೂರ ದಿಬ್ಬದ ಮಣ್ಣು, ಕಲ್ಲು ಮುಟ್ಟಕೂಡದು. ಕಣಕ್ಕೆ ಬೇಕಾದ ಮಣ್ಣನ್ನು ಕೆರೆ ಹೂಳು ತೆಗೆಯುವಾಗ ತಂದುಕೊಳ್ಳೋಣ, ಕೆರೆಗೂ ಒಳ್ಳೆಯದು. ಎರಡು, ಆ ಅಂಚಿನಲ್ಲಿ ಮನೆ, ಹೊಲ ಇರುವ ಸದಸ್ಯರ ಅರ್ಜಿ, ನಕ್ಷೆ, ಪಹಣಿ ಎಲ್ಲವನ್ನೂ ಸಂಘದ ಕಚೇರಿಯಲ್ಲೇ ತಯಾರು ಮಾಡಿಸಿ, ಸಂಘದ ಖರ್ಚಿನಲ್ಲಿ ಕಳಿಸಿ, ಉತ್ತರ ಬರುವವರೆಗೂ ಬೆನ್ನು ಹತ್ತಬೇಕು. ಮೂರು, ಉಳುವಾಗ, ಪಾಯ ತೋಡುವಾಗ ಹಳೆಯ ವಸ್ತು ಸಿಕ್ಕರೆ ಮುಚ್ಚಿಡದೆ ತಿಳಿಸಬೇಕು. ನಿಧಿ ಕಾಯ್ದೆ ಪ್ರಕಾರ ನಿಕ್ಷೇಪ ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಕದ್ದು ಅಗೆಯುವವರು ರಾತ್ರಿ ಬಂದರೆ ಊರಿನವರೇ ಎದ್ದು ಕೇಳಬೇಕು. ಆ ದಿಬ್ಬದಲ್ಲಿ ಚಿನ್ನದ ಕೊಪ್ಪರಿಗೆ ಇಲ್ಲ. ಇರುವುದು ಸೀದ ಹುರುಳಿಯಂಥ ಕಾಳು, ಒಡೆದ ಗಡಿಗೆ, ಅಮ್ಮಂದಿರು ಹೂತ ಕೂಸು. ನಮಗೆ ಅದೇ ಚಿನ್ನ.

ನಮ್ಮ ಮನೆಯ ಗೋದಲಿಯ ಚಪ್ಪಡಿ ಯಾವ ಹೊಲದಿಂದ ಬಂತು ಎಂದು ಹಿರಿಯರನ್ನು ಕೇಳಿ ಬರೆದಿಟ್ಟಿದ್ದೇವೆ. ಅಧಿಕಾರಿಗಳು ಬಂದಾಗ ತೋರಿಸಿ, ಅವರು ಹೇಳಿದ ಕಡೆ ಒಪ್ಪಿಸುತ್ತೇವೆ. ದನಕ್ಕೆ ಬೇರೆ ಗೋದಲಿ ಆಗುತ್ತದೆ.

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ. ಲೆಕ್ಕ ಪರಿಶೋಧಕರು ಬಂದಾಗ ಇಪ್ಪತ್ತೈದು ವರ್ಷದ ಪುಸ್ತಕವನ್ನೂ ಒಂದು ಹಾಳೆ ಹರಿಯದ ಹಾಗೆ ಕಾರ್ಯದರ್ಶಿಗಳು ತೋರಿಸಿದರು, ಅದಕ್ಕೆ ಇಲ್ಲಿ ಚಪ್ಪಾಳೆ ತಟ್ಟಿದೆವು. ಆ ದಿಬ್ಬದಲ್ಲಿರುವುದು ಸಾವಿರಾರು ವರ್ಷದ ಪುಸ್ತಕ. ಅದನ್ನು ಬರೆದ ಸದಸ್ಯರು ಯಾರೂ ಇವತ್ತು ಬಂದು ಲೆಕ್ಕ ಕೇಳುವುದಿಲ್ಲ. ಕೇಳುವವರು ಮುಂದೆ ಕೂತಿರುವ ಈ ಮಕ್ಕಳು. ಅವರಿಗೆ ಹಾಳೆ ಹರಿಯದ ಪುಸ್ತಕವನ್ನೇ ಒಪ್ಪಿಸೋಣ.



ಜೈ ಸಹಕಾರ, ಜೈ ಕರ್ನಾಟಕ.